ಮಂಗನಿಗೆ ಹದಿನೇಳು

ಏಪ್ರಿಲ್ 6, ಬುಧವಾರ

ಜುವೆನಾಲ್ ಬಂದಿದ್ದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಬಾಯಲ್ಲಿ ಬೆಣ್ಣೆ. ಅಮಾರೊನ ಕುರ್ಚಿಯ ಎದುರು ಕುಕ್ಕರಗಾಲಲ್ಲಿ ಕೂತು, ಕಿವುಡರ ಹತ್ತಿರ ಮಾತಾಡುವವನ ಹಾಗೆ ಅರಚಿದ: "ಮೇಷ್ಟ್ರೇ, ನಾನು ಕಣ್ರೀ, ನಿಮ್ಮ ಶಿಷ್ಯ, ಜುವೆನಾಲ್!"

ನನ್ನ ಗಂಡನ ಕಿವಿಗೆ ಏನೂ ಆಗಿಲ್ಲ. ಲಕ್ವ ಹೊಡೆದದ್ದು ಬಲಗೈಗೆ ಮತ್ತು ಮಾತಿಗೆ. ಈ ಸೀಮೆಯ ಸಂತೆಗಳಲ್ಲೆಲ್ಲ ಪದ್ಯ ಹಾಡಿ ಪುಸ್ತಕ ಮಾರಿದ ಬಾಯಿಂದ ಈಗ ಬರೀ ಅಂಕಿಗಳು ಹೊರಡುತ್ತವೆ. ಕೆಲವರಿಗೆ ಎಲ್ಲ ಮಾತೂ ಹೋಗಿ ಎಣಿಕೆ ಮಾತ್ರ ಉಳಿಯುವುದುಂಟು, ಅದಕ್ಕೆ ಅರ್ಥ ಹುಡುಕಬೇಡಿ ಎಂದು ರೆಸಿಫೆ ಪಟ್ಟಣದ ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದ್ದಾರೆ.

ಅಮಾರೊ ಜುವೆನಾಲ್‌ನನ್ನು ಮೇಲಿಂದ ಕೆಳಗಿನವರೆಗೂ ನೋಡಿ "ಒಂಬತ್ತು" ಎಂದ.

"ಅಯ್ಯೋ ಪಾಪ" ಎಂದು ಜುವೆನಾಲ್ ನನ್ನ ಕಡೆ ತಿರುಗಿದ. "ಅಕ್ಕಾ, ಮೇಷ್ಟ್ರ ಕಾಲ ಮುಗೀತು, ಒಪ್ಕೊಳ್ಳಿ. ಸಂತೇಲಿ ಜುವಾ ಮರದ ಕೆಳಗಿನ ಜಾಗ ಸುಮ್ನೆ ಬಿದ್ದಿದೆ. ಹಾಡೋರಿಲ್ದೆ ಎಷ್ಟು ದಿನ ಅಂತ ಬಿಡ್ತಾರೆ? ಜೂನಲ್ಲಿ ಬರೋ ಸಂತ ಜೊವಾವ್ ಹಬ್ಬಕ್ಕೆ ಮುಂಚೆ ಯಾರೂ ನಿಂತು ಹಾಡ್ಲಿಲ್ಲ ಅಂದ್ರೆ ನಂಗೆ ಕೊಡ್ತೀನಿ ಅಂದಿದ್ದಾರೆ ಸಂತೆ ಸಾಹೇಬ್ರು. ನಂದೇ ಮೈಕಿದೆ. ಹೊರಗಿನವರಿಗೆ ಹೋಗೋದಕ್ಕಿಂತ..."

"ಬಾಳೆಹಣ್ಣು ಅಲ್ಲಿಡು. ಎದ್ದು ನಡಿ" ಎಂದೆ.

ಅವನು ಹೋದ ಮೇಲೆ ಬಾಗಿಲು ಹಾಕಿ ಬಂದೆ. ಅಮಾರೊ ನನ್ನನ್ನೇ ನೋಡಿ "ಮೂರು" ಎಂದ. ಮೂರು ಗಂಟೆಗೆ ಕಾಫಿ ಕುಡಿಯುವುದು ಅವನ ಮೊದಲಿನ ಅಭ್ಯಾಸ. ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ. ಆದರೂ ಕಾಸಿ ಕೊಟ್ಟೆ.

ಇದನ್ನೆಲ್ಲ ಹೇಳಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಏಪ್ರಿಲ್ 11, ಸೋಮವಾರ

ಶಾಲೆಯ ಅಲ್ಜಿರಾ ಟೀಚರು ಬಂದರು. ಒಂದನೇ ಕ್ಲಾಸಿನ ಮಕ್ಕಳಿಗೆ ಎಣಿಕೆ ಕಲಿಸಲು ಒಂದು ಪುಸ್ತಕ ಮಾಡಿಕೊಡುತ್ತೇನೆಂದು ಅಮಾರೊ ಕಾಯಿಲೆಗೆ ಮುಂಚೆ ಮಾತು ಕೊಟ್ಟಿದ್ದನಂತೆ. ಮೃಗಾಲಯದ ತುಂಟ ಪ್ರಾಣಿಗಳು, ಒಂದರಿಂದ ಹತ್ತರವರೆಗೆ, ಪುಟಕ್ಕೊಂದು ಪದ್ಯ, ಪುಟಕ್ಕೊಂದು ಚಿತ್ರ. ಅವನು ಬರೆದದ್ದು ಮೊದಲನೆಯದು ಮಾತ್ರ:

ಒಂದೇ ಒಂದು ಮಂಗ, ಗಾರ್ಡಿನ
ಬೀಗದ ಕೈಯನು ಕದ್ದಿತು;
ಅವನ ಟೋಪಿಯ ತೊಟ್ಟಿಲು ಮಾಡಿ
ಅದರಲೆ ಮಲಗಿ ಎದ್ದಿತು.

"ಮಿಕ್ಕಿದ್ದು ನೀವೇ ಬರೀರಿ ದೊರ್ವಲಿನಾ" ಎಂದರು ಟೀಚರು.

ಒಳ್ಳೆಯ ಮಾತು. ನಾನು ಮರ ಕೆತ್ತುವವಳು. ಮದುವೆಯಾದಾಗಿನಿಂದ ಅವನ ಪುಸ್ತಕಗಳಿಗೆ ಚಿತ್ರದ ಅಚ್ಚು ಕೆತ್ತುತ್ತ ಬಂದಿದ್ದೇನೆ. ಹೊದಿಕೆ ಪುಟದ ಮೇಲೆ ಇರುವುದು ಅವನೊಬ್ಬನ ಹೆಸರು. ಆ ಹೆಸರನ್ನು ತಿರುವುಮುರುವಾಗಿ ಮರದಲ್ಲಿ ಕೆತ್ತುತ್ತಿದ್ದವಳೂ ನಾನೇ, ಅದರಿಂದ ನನಗೇನೂ ಬೇಜಾರಿರಲಿಲ್ಲ. ಪದ್ಯ ಅವನದು, ಮರ ನನ್ನದು.

"ನನಗೆ ಬರಲ್ಲ ಟೀಚರೇ" ಎಂದು ಕಳಿಸಿದೆ.

ಏಪ್ರಿಲ್ 12, ಮಂಗಳವಾರ

ಬರಲ್ಲ ಎಂದರೆ ಬರಲ್ಲ. ಮೊದಲಾಗಿದ್ದರೆ ಈ ಹಟಕ್ಕೆ ಅಮಾರೊ "ಕತ್ತೆ, ಕತ್ತೆ" ಎಂದು ರೇಗಿಸುತ್ತಿದ್ದ. ಮನೆಯಲ್ಲಿ ಆ ಬೈಗುಳವೂ ಇಲ್ಲದೆ ಬಿಕೋ ಅನ್ನುತ್ತದೆ.

ಏಪ್ರಿಲ್ 20, ಬುಧವಾರ

ಮಂಗನ ಚಿತ್ರ ಕೆತ್ತಿದೆ. ಸುಮ್ಮನೆ ಕೂತರೆ ಕೈ ಹಾಳಾಗುತ್ತದೆ, ಅದಕ್ಕೇ ಹೊರತು ಬೇರೇನಕ್ಕೂ ಅಲ್ಲ.

ಎರಡನೆಯ ಪದ್ಯವನ್ನು ನಾನು ಬರೆಯಲಿಲ್ಲ. ಅಂಗಳ ಗುಡಿಸುವಾಗ ಅದೇ ಬಂತು:

ಎರಡು ಗಿಳಿಗಳು ಟಿಕೆಟ್ಟು ಹರಿದು
ಜನರನೆ ಸಾಲಲಿ ನಿಲಿಸಿದವು;
'ಬಾಲವೆ ಇಲ್ಲ, ರೆಕ್ಕೆಯೂ ಇಲ್ಲ!'
ಎನ್ನುತ ನಾಚಿಕೆ ಕಲಿಸಿದವು.

ಇದೂ ಅಮಾರೊನದೇ ಇರಬೇಕು. ಎಂದೋ ಹೇಳಿದ್ದು ನನ್ನ ಕಿವಿಯಲ್ಲಿ ಉಳಿದಿರಬೇಕು.

ಏಪ್ರಿಲ್ 28, ಗುರುವಾರ

ಇವತ್ತು ಜಗಳವಾಯಿತು. ಮಂಗನ ಚಿತ್ರವನ್ನು ಮಸಿ ಹಚ್ಚಿ ಒತ್ತಿ ತೆಗೆದು ಅಮಾರೊನ ಮುಂದೆ ಹಿಡಿದೆ. ಮೂಲೆಯಲ್ಲಿ ದೊಡ್ಡದಾಗಿ 1 ಎಂದು ಕೆತ್ತಿದ್ದೇನೆ. ಅವನು ನೋಡಿದ, ಮುಖ ಅರಳಿತು, "ಹದಿನೇಳು" ಎಂದ.

"ಒಂದು" ಎಂದೆ.

"ಹದಿನೇಳು."

"ಒಂದು ಕಣೋ! ಇರೋದೇ ಒಂದು ಮಂಗ, ನೋಡು!"

ಅವನು ಎಡಗೈಯಿಂದ ಮೇಜು ಗುದ್ದಿದ. ಕಾಫಿ ಲೋಟ ಉರುಳಿ ಕಾಗದದ ಮೇಲೆಲ್ಲ ಚೆಲ್ಲಿತು. ನಾನು ಹಿತ್ತಲಿಗೆ ಹೋಗಿ ಕೋಳಿಗಳ ಮುಂದೆ ಅತ್ತೆ. ಒಂದನ್ನೂ ಗುರುತಿಸದ ತಲೆಯಲ್ಲಿ ಇನ್ನೇನು ಉಳಿದಿದೆ? ಜುವೆನಾಲ್ ಹೇಳಿದ್ದೇ ನಿಜವಿರಬಹುದು. ಇಷ್ಟು ಬರೆದದ್ದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಬರುತ್ತಿದೆ.

ಒಳಗೆ ಬಂದಾಗ ಅವನು "ಮೂರು" ಎಂದ. ಕಾಫಿ ಚೆಲ್ಲಿದವನಿಗೆ ಮತ್ತೆ ಕಾಫಿ ಬೇಕಂತೆ. ಕೊಡಲಿಲ್ಲ.

ಮೇ 3, ಮಂಗಳವಾರ

ನನ್ನಂಥ ಪೆದ್ದಿ ಈ ಊರಲ್ಲಿ ಇನ್ನೊಬ್ಬಳಿಲ್ಲ.

ಬೆಳಿಗ್ಗೆ ಪಕ್ಕದ ಮನೆಯ ಮಾರ್ಲುಸಿ ಬಂದಳು. ಸಂತೆಯಲ್ಲಿ ಕಾಫಿ ಮಾರುವವಳು, ಲಾಟರಿ ಹುಚ್ಚಿನವಳು. ಹಬೆಯಾಡುವ ಜೋಳದ ಹಿಟ್ಟಿನ ಕಡುಬು ತಂದಿದ್ದಳು. ಮಂಗನ ಚಿತ್ರ ಗೋಡೆಗೆ ಅಂಟಿಸಿತ್ತು. ಅಮಾರೊ ಅವಳಿಗೆ ಅದನ್ನು ಬೆರಳಿಟ್ಟು ತೋರಿಸಿ "ಹದಿನೇಳು" ಎಂದ. ಅವಳು ಕಡುಬು ಇಳಿಸುತ್ತ, ತಿರುಗಿಯೂ ನೋಡದೆ, "ಹೂಂ, ಮಂಗ ಹದಿನೇಳಲ್ದೆ ಇನ್ನೇನು ಮೇಷ್ಟ್ರೇ" ಎಂದಳು.

ನನ್ನ ಕೈಯಿಂದ ಉಳಿ ಬಿತ್ತು.

ಪ್ರಾಣಿ ಲಾಟರಿ! ಒಂದರಿಂದ ಇಪ್ಪತ್ತೈದರವರೆಗೆ ಅಂಕಿಗೊಂದು ಪ್ರಾಣಿ. ಪೊಲೀಸರು ಆಡಬೇಡಿ ಎನ್ನುತ್ತಾರೆ, ಸಂಜೆ ತಾವೇ ಬಂದು ಆಡುತ್ತಾರೆ. ಕನಸಲ್ಲಿ ಹಸು ಕಂಡರೆ ಇಪ್ಪತ್ತೈದಕ್ಕೆ ಕಟ್ಟುವ ಜನ ನಾವು. ನಾನೊಬ್ಬಳೇ ಆ ಆಟದ ಹತ್ತಿರ ಸುಳಿಯದವಳು. ಅಮಾರೊ ಕದ್ದು ಆಡುವುದು ಗೊತ್ತಾದಾಗೆಲ್ಲ ಮನೆ ಹಾರಿ ಹೋಗುವ ಹಾಗೆ ಕೂಗಾಡಿದವಳು.

ಹಳೆಯ ಅಚ್ಚುಗಳನ್ನೆಲ್ಲ ಹೊರಗೆ ತೆಗೆದೆ. ಸಿಂಹ ತೋರಿಸಿದೆ. "ಹದಿನಾರು." ಮಾರ್ಲುಸಿ "ಸರಿ" ಎಂದಳು. ಆನೆ? "ಹನ್ನೆರಡು." "ಸರಿ!" ಗಿಳಿ ತೋರಿಸಿದೆ. ಬಾಯಿ ತೆರೆದ, ಮುಚ್ಚಿದ, ತಲೆ ಅಲ್ಲಾಡಿಸಿದ. "ಲಾಟ್ರೀಲಿ ಗಿಳಿ ಇಲ್ವಲ್ಲೇ, ಎಲ್ಲಿಂದ ಹೇಳ್ತಾರೆ!" ಎಂದು ಮಾರ್ಲುಸಿ ಚಪ್ಪಾಳೆ ತಟ್ಟಿದಳು.

ಆಮೇಲೆ ಜುವೆನಾಲ್ ಬಂದ ದಿನ ನೆನಪಾಯಿತು. "ಮಾರ್ಲುಸಿ, ಒಂಬತ್ತು ಯಾವುದೇ?"

"ಹಾವು."

ಅಮಾರೊನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು.

ಮೇ 4, ಬುಧವಾರ

ಅವನು ಮುಗಿದಿಲ್ಲ. ಯಾರು ಬೇಕಾದರೂ ಬಂದು ಹೇಳಲಿ, ಬಾಗಿಲಲ್ಲೇ ಉತ್ತರ ಕೊಡುತ್ತೇನೆ.

ಜುವಾ ಮರದ ಕೆಳಗಿನ ಆ ಜಾಗವನ್ನೂ ಬಿಡುವುದಿಲ್ಲ.

ಮೇ 15, ಭಾನುವಾರ

ಈಗ ಅವನಿಗೆ ಎಲ್ಲದಕ್ಕೂ ತಕರಾರು. ಮೂರಕ್ಕೆ ಕರಡಿ ಹಾಕಿದರೆ "ಇಪ್ಪತ್ಮೂರು" ಎಂದು ಗುದ್ದುತ್ತಾನೆ. ನಾಲ್ಕಕ್ಕೆ ಆನೆ ಹಾಕಿದರೆ "ಹನ್ನೆರಡು." ನಾನೂ ಬಿಡುವುದಿಲ್ಲ. "ಇದು ಮಕ್ಕಳ ಎಣಿಕೆ, ನಿನ್ನ ಜೂಜಲ್ಲ. ಈ ಮೃಗಾಲಯದಲ್ಲಿ ಆನೆ ನಾಲ್ಕೇ" ಎನ್ನುತ್ತೇನೆ. ಕೊನೆಗೆ ರಾಜಿ ಮಾಡಿಕೊಂಡೆವು. ಎಂಟರವರೆಗೆ ನನ್ನ ಇಷ್ಟ. ಒಂಬತ್ತು ಮತ್ತು ಹತ್ತು ಅವನ ಲೆಕ್ಕದಂತೆ: ಒಂಬತ್ತು ಹಾವು, ಹತ್ತು ಮೊಲ.

ಹಾವಿನ ಪದ್ಯ ಬರೆಯಲು ಒಂದು ನಿಮಿಷವೂ ಬೇಕಾಗಲಿಲ್ಲ:

ಒಂಬತ್ತು ಹಾವು ಮೈಕಿನ ಮುಂದೆ
ತಲೆಯನು ಎತ್ತಿ ಬುಸ್ಸೆಂದವು;
ಹಾಡಲು ಹೋಗಿ ನಾಲಿಗೆ ತೊಡರಿ
ಕೊನೆಗೂ ಬರಿಯ ಉಸ್ಸೆಂದವು.

ಓದಿ ಹೇಳಿದಾಗ ಅಮಾರೊ ಕುರ್ಚಿಯಿಂದ ಬೀಳುವಷ್ಟು ನಕ್ಕ. ಎರಡನೆಯ ಸಾಲಿನಲ್ಲಿ ತಾಳ ಸರಿ ಇಲ್ಲವೆಂದು ತೊಡೆ ತಟ್ಟಿ ತೋರಿಸಿದ. ನನಗೆ ಸರಿ ಇದೆ ಅನಿಸಿತು, ಹಾಗೇ ಇಟ್ಟೆ.

ಮೇ 24, ಮಂಗಳವಾರ

ಶಾಲೆಗೆ ಒಯ್ದಿದ್ದ ಪದ್ಯಗಳನ್ನು ವಾಪಸ್ ತಂದ ಅಲ್ಜಿರಾ ಟೀಚರು ಇನ್ನೊಮ್ಮೆ ಓದಿ ನಕ್ಕು, ಆಮೇಲೆ ಕನ್ನಡಕ ಒರೆಸಿಕೊಂಡರು. "ತುಂಬ ಚೆನ್ನಾಗಿದೆ ದೊರ್ವಲಿನಾ. ಆದ್ರೆ ನಮ್ಮ ಹೆಡ್‌ಮಿಸ್ಸು ಒಂದು ಮಾತು ಹೇಳಿದ್ರು. ಪ್ರಾಣಿಗಳು ಇಷ್ಟೊಂದು ತಂಟೆ ಮಾಡಿದ್ಮೇಲೆ ಕೊನೇಲಿ ತಪ್ಪಾಯ್ತು ಅಂತ ಹೇಳಿ ಬೋನಿಗೆ ವಾಪಸ್ ಹೋಗ್ಲಿ ಅಂತ. ಮಕ್ಕಳ ಪುಸ್ತಕ ನೋಡಿ."

"ನನ್ನ ಪ್ರಾಣಿಗಳು ತಪ್ಪಾಯ್ತು ಅನ್ನಲ್ಲ" ಎಂದೆ.

"ಒಂದೇ ಒಂದು ಸಾಲು..."

"ಒಂದಕ್ಷರಾನೂ ಇಲ್ಲ. ಬೋನೊಳಗೆ ಇಟ್ಟೋರು ಮೊದ್ಲು ಕೇಳ್ಲಿ ಕ್ಷಮೆ. ಶಾಲೆಗೆ ಬೇಡ ಅಂದ್ರೆ ಬೇಡ, ಸಂತೇಲಿ ಮಾರ್ತೀನಿ."

ಟೀಚರು ನನ್ನನ್ನು ಹೊಸಬಳ ಹಾಗೆ ನೋಡಿದರು. ಬಾಗಿಲವರೆಗೆ ಹೋದವರು ತಿರುಗಿ, "ಸಂತೇಲಿ ನಾನೇ ಮೊದಲು ತಗೋತೀನಿ, ಹೆಡ್‌ಮಿಸ್ಸಿಗೆ ಹೇಳ್ಬೇಡಿ" ಎಂದರು.

ಅಮಾರೊ ಎಲ್ಲ ಕೇಳಿಸಿಕೊಂಡು "ಮೂರು, ಮೂರು" ಎಂದ. ಕಾಫಿ ಕೊಟ್ಟೆ. ಕುಡಿಯಲಿಲ್ಲ. ಸುಮ್ಮನೆ ನಗುತ್ತ ಕೂತಿದ್ದ. ಈ ಕಾಫಿ ವಿಷಯದಲ್ಲಿ ಮಾತ್ರ ಅವನ ತಲೆ ಇನ್ನೂ ಸರಿಹೋಗಿಲ್ಲ.

ಜೂನ್ 2, ಗುರುವಾರ

ಜುವೆನಾಲ್ ಗಾಡಿ ಹೊಡೆದುಕೊಂಡು ಬಂದಿದ್ದ. ಪುಸ್ತಕ ಒತ್ತುವ ನಮ್ಮ ಅಚ್ಚಿನ ಯಂತ್ರ ಮನೆಯಲ್ಲಿ ತುಕ್ಕು ಹಿಡಿಯುವುದೇಕೆ, ತಾನು ನೋಡಿಕೊಳ್ಳುತ್ತೇನೆ ಎಂದ. ನನ್ನ ಕೈಯ ಮಸಿ ಅವನ ಕಣ್ಣಿಗೆ ಬೀಳಲಿಲ್ಲ.

"ಯಂತ್ರಕ್ಕೆ ಕೆಲಸ ಇದೆ. ಹದಿನೆಂಟನೇ ತಾರೀಕು ಸಂತೇಲಿ ಹಾಡ್ತೀನಿ" ಎಂದೆ.

"ಯಾರು?"

"ನಾನು."

ಅವನಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ಕೋಪ ಮಾಡ್ಕೋಬೇಡಿ. ಸಂತೇಲಿ ಹೆಂಗಸು ಎಣಿಕೆ ಪದ್ಯ ಹಾಡಿದ್ರೆ ಯಾರು ನಿಲ್ತಾರೆ? ತರಕಾರಿಯೋರೂ ನಿಲ್ಲಲ್ಲ."

"ಒಂಬತ್ತು" ಎಂದ ಅಮಾರೊ ಒಳಗಿನಿಂದ.

"ಒಂಬತ್ತು" ಎಂದು ನಾನೂ ಹೇಳಿ ಬಾಗಿಲು ಹಾಕಿದೆ. ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಅವನು ಈಗಾಗಲೇ ಊರೆಲ್ಲ ಹೇಳಿರುತ್ತಾನೆ, ಹೇಳಿಕೊಳ್ಳಲಿ.

ಜೂನ್ 10, ಶುಕ್ರವಾರ

ಗಂಟಲು ಕಟ್ಟಿದೆ. ಹಿತ್ತಲಲ್ಲಿ ಹಾಡಿದರೆ ಕೋಳಿಗಳೂ ಓಡುತ್ತವೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯುತ್ತೇನೆ: ಭಯವಾಗುತ್ತಿದೆ.

ಜೂನ್ 17, ಶುಕ್ರವಾರ

ಅಚ್ಚು ಮುಗಿಯಿತು. ಮಡಿಸಿ ಹೊಲಿದದ್ದೂ ಆಯಿತು. ಹೊದಿಕೆಯಲ್ಲಿ ಮಂಗ ಟೋಪಿ ಹಾಕಿಕೊಂಡು ಕೂತಿದೆ, ಕೆಳಗೆ ಎಂದಿನಂತೆ ಅಮಾರೊನ ಹೆಸರು. ಅದನ್ನು ನೋಡಿ ಅವನು ಹುಬ್ಬು ಗಂಟಿಕ್ಕಿದ. ಮಸಿ ಸ್ವಲ್ಪ ಹರಡಿದೆ, ಅದಕ್ಕಿರಬೇಕು.

ನಾಳೆ ಹೇಗೆ ಹಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟೋ ಶನಿವಾರ ಅವನ ಪಕ್ಕದಲ್ಲಿ ನಿಂತು ಹಗ್ಗಕ್ಕೆ ಪುಸ್ತಕ ನೇತುಹಾಕಿದವಳು ನಾನು. ನಿಯಮ ಒಂದೇ. ಕೊನೆಗೆ ಮುಂಚೆ ನಿಲ್ಲಿಸಬೇಕು. ಕಥೆ ತುದಿಗೆ ಬಂದು, ಕೇಳುವವರ ಬಾಯಿ ತೆರೆದೇ ಇರುವಾಗ ಪುಸ್ತಕ ಮುಚ್ಚಬೇಕು. ಮುಂದಿನದು ಬೇಕಾದವರು ಕೊಂಡು ಓದಿಕೊಳ್ಳಲಿ. ಅಮಾರೊ ಕೊನೆಯನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಒಮ್ಮೆ ಪಾದ್ರಿಗಳೇ ಬಂದು ಗೋಗರೆದರೂ ಹೇಳಲಿಲ್ಲ.

ಜೂನ್ 18, ಶನಿವಾರ

ಮಾರ್ಲುಸಿಯ ಕಾಫಿ ಗಾಡಿಯಲ್ಲೇ ಅಮಾರೊನನ್ನು ಕೂರಿಸಿಕೊಂಡು ಹೋದೆವು. ಜುವಾ ಮರದಿಂದ ಕಂಬಕ್ಕೆ ಹಗ್ಗ ಕಟ್ಟಿ ಪುಸ್ತಕ ನೇತುಹಾಕಿದೆ. ಎದುರು ಸಾಲಿನಲ್ಲಿ ಜುವೆನಾಲ್ ಮೈಕು ಹಿಡಿದು ದರೋಡೆಕೋರರ ಕಥೆ ಹಾಡುತ್ತಿದ್ದ. ನನ್ನ ಮುಂದೆ ಒಂದು ನಾಯಿ ಮತ್ತು ಅಲ್ಜಿರಾ ಟೀಚರು.

ಬಾಯಿ ತೆರೆದೆ. ಸ್ವರ ಒಡೆದ ಮಡಕೆಯ ಹಾಗೆ ಹೊರಟಿತು. "ಒಂದೇ ಒಂದು ಮಂಗ..."

ಮೆಣಸಿನಕಾಯಿ ಮಾರುವ ಮುದುಕನೊಬ್ಬ ಕೂತಲ್ಲಿಂದಲೇ ಕೂಗಿದ: "ಮಂಗ ಹದಿನೇಳು ಕಣಮ್ಮೋ!"

"ನನ್ನ ಮೃಗಾಲಯದಲ್ಲಿ ಒಂದೇ!" ಎಂದು ನಾನೂ ಕೂಗಿದೆ. ಸಿಟ್ಟು ಬಂದದ್ದೇ ತಡ, ಗಂಟಲು ಬಿಟ್ಟಿತು.

ಮೂರು ಕರಡಿ ಐಸ್‌ಕ್ರೀಮ್ ಗಾಡಿ ಕದ್ದಾಗ ನಾಲ್ಕಾರು ಜನ ನಿಂತು "ಇಪ್ಪತ್ಮೂರು!" ಎಂದರು. "ನಿಮ್ಮ ಜೂಜು ನಿಮ್ಮ ಮನೇಲಿಟ್ಕೊಳ್ಳಿ, ಇಲ್ಲಿ ಮೂರು!" ಎಂದೆ. ನಾಲ್ಕು ಆನೆ ಪಾಲಿಕೆ ಅಧ್ಯಕ್ಷನಿಗೆ ಸೊಂಡಿಲಿನಿಂದ ಸ್ನಾನ ಮಾಡಿಸುವಾಗ ಮೀನು ಮಾರುವವರೆಲ್ಲ ಎದ್ದು ಬಂದು "ಹನ್ನೆರಡು!" ಎಂದರು. ನನ್ನೊಡನೆ ಜಗಳವಾಡಲೆಂದೇ ಜನ ಸೇರಿದರು. ಒಂದೊಂದು ಪದ್ಯಕ್ಕೂ ಅವರದೊಂದು ಅಂಕಿ, ನನ್ನದೊಂದು. ಮಕ್ಕಳು ಮಾತ್ರ ನನ್ನ ಕಡೆ. ಜುವೆನಾಲ್‌ನ ದರೋಡೆಕೋರರು ಯಾರೂ ಕೇಳುವವರಿಲ್ಲದೆ ತಮ್ಮ ಪಾಡಿಗೆ ಸಾಯುತ್ತಿದ್ದರು. ಅವನು ಮೈಕು ಇಳಿಸಿ ಹಿಂದೆ ಬಂದು ನಿಂತ.

ಒಂಬತ್ತು ಹಾವು ಮೈಕಿನ ಮುಂದೆ ಉಸ್ಸೆಂದಾಗ ಮೊದಲ ಬಾರಿಗೆ ಎಲ್ಲರೂ "ಸರಿ, ಸರಿ!" ಎಂದರು. ಅವರ ಲೆಕ್ಕ, ನನ್ನ ಲೆಕ್ಕ ಒಂದಾಗಿತ್ತು. ಕೆಲವರು ತಿರುಗಿ ಜುವೆನಾಲ್ ಕೈಯಲ್ಲಿದ್ದ ಮೈಕು ನೋಡಿ ನಕ್ಕರು.

ನಾನು ಸ್ವರ ಇಳಿಸಿದೆ. "ಗಾರ್ಡು ಮಂಗನ ಕೈಯಿಂದ ಬೀಗದ ಕೈ ಕಿತ್ತುಕೊಂಡ. ಎಲ್ಲರನ್ನೂ ಬೋನಿಗೆ ತಳ್ಳಿ ಬೀಗ ಜಡಿದ. ಮುಗೀತು ಅಂದ್ಕೊಂಡ್ರಾ? ಗೋಡೆ ಕೆಳಗಿಂದ ಗರ ಗರ, ಗರ ಗರ ಸದ್ದು! ಬಂದೋರು ಯಾರು? ಎಷ್ಟು ಜನ? ಎಲ್ಲಾರ್ನೂ ಬಿಡಿಸ್ತಾರಾ, ಇಲ್ವಾ?"

ಪುಸ್ತಕ ಮುಚ್ಚಿದೆ. ಮೀನಿನವನ ಬಾಯಿ ತೆರೆದೇ ಇತ್ತು. ಬೇಕಾದವರು ಕೊಂಡು ಓದಿ ಎನ್ನಲು ನಾನು ಉಸಿರು ತೆಗೆದುಕೊಂಡೆ.

"ಹತ್ತು!" ಎಂದ ಅಮಾರೊ.

ಗಾಡಿಯ ಮೇಲೆ ನೆಟ್ಟಗೆ ಕೂತು, ಹಳೆಯ ಸಂತೆಯ ಗಂಟಲಿನಿಂದ ಹೇಳಿದ. ಇಡೀ ಸಂತೆ ಒಂದೇ ಉಸಿರಿಗೆ ಕೂಗಿತು: "ಮೊಲ!"

ನನಗೆ ಅವನನ್ನು ಕೊಂದುಬಿಡುವಷ್ಟು ಸಿಟ್ಟು ಬಂತು. ಪಾದ್ರಿಗಳಿಗೂ ಹೇಳದವನು ನನ್ನ ಕೊನೆಯನ್ನು ಪುಕ್ಕಟೆ ಹಂಚಿಬಿಟ್ಟ! ಜುವೆನಾಲ್ ಚಪ್ಪಾಳೆ ತಟ್ಟಿ "ಮುಗೀತಲ್ಲ ಅಕ್ಕಾ! ಕೊನೆ ಗೊತ್ತಾದ್ಮೇಲೆ ಇನ್ಯಾರು ತಗೋತಾರೆ?" ಎಂದ.

ಆದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಎಲ್ಲರೂ ಅಮಾರೊನನ್ನೇ ನೋಡುತ್ತಿದ್ದರು. ಮೆಣಸಿನಕಾಯಿ ಮುದುಕ ಹತ್ತಿರ ಬಂದು, ಟೋಪಿ ತೆಗೆದು, "ಮೇಷ್ಟ್ರೇ, ಸಿಂಹ?" ಎಂದ.

"ಹದಿನಾರು."

"ಮೇಷ್ಟ್ರೇ, ನಮ್ಮ ಸಂತೆ ಸಾಹೇಬ್ರು?" ಎಂದು ಇನ್ನೊಬ್ಬ ಹಿಂದಿನಿಂದ.

ಅಮಾರೊ ಗುಂಪಿನಲ್ಲಿ ನಿಂತಿದ್ದ ಸಾಹೇಬರ ಹೊಟ್ಟೆ ನೋಡಿ ಒಂದು ಕ್ಷಣ ಯೋಚಿಸಿ "ಹದಿನೆಂಟು" ಎಂದ. ಹಂದಿ! ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಸಾಹೇಬರೇ. ಕಣ್ಣೊರೆಸಿಕೊಂಡು ಜುವೆನಾಲ್ ಹೆಗಲ ಮೇಲೆ ಕೈ ಹಾಕಿ, "ಈ ಜಾಗ ಖಾಲಿ ಇಲ್ಲಪ್ಪಾ" ಎಂದರು.

"ಹತ್ತು ಮೊಲ ಅಂತ ಗೊತ್ತಾಯ್ತು, ಹೆಂಗೆ ಬಿಡಿಸಿದ್ವು ಅದನ್ನ ಹೇಳಮ್ಮ!" ಎಂದು ಮೀನಿನವ ಪುಸ್ತಕಕ್ಕೆ ಕೈ ಹಾಕಿದ. ಅದು ಸಾಕಾಯಿತು. ಸ್ವಲ್ಪ ಹೊತ್ತಿಗೆ ಹಗ್ಗ ಬರಿದಾಗಿ ಗಾಳಿಗೆ ಆಡುತ್ತಿತ್ತು. ಸಂತೆ ತುಂಬ ಜನ ತರಕಾರಿ ಚೀಲ ಹಿಡಿದುಕೊಂಡೇ ಜೋರಾಗಿ ಓದುತ್ತಿದ್ದರು:

ಹತ್ತು ಮೊಲಗಳು ಗೋಡೆಯ ಕೆಳಗೆ
ರಾತ್ರಿಯ ತನಕ ಕೊರೆದವು;
ಬೀಗಕೆ ಕೈಯೇ ಬೇಡೆಂದೆನುತ
ಊರಿಗೆ ದಾರಿಯ ತೆರೆದವು.

ಉಳಿದ ಒಂದೇ ಪ್ರತಿಯನ್ನು ಅಮಾರೊನ ಮಡಿಲಲ್ಲಿಟ್ಟೆ. ಅವನು ಹೊದಿಕೆಯ ಮೇಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟು, ತಲೆ ಅಲ್ಲಾಡಿಸಿ, ಉಗುರಿನಿಂದ ಕೆರೆಯತೊಡಗಿದ. "ಮೂರು" ಎಂದ.

"ತಡಿ, ಕೊಡ್ತೀನಿ. ಬೆಳಬೆಳಿಗ್ಗೆ ಎಂಥಾ ಮೂರು ಗಂಟೆ ಕಾಫಿ ನಿಂದು" ಎಂದು ಮಾರ್ಲುಸಿಯತ್ತ ಲೋಟ ಚಾಚಿದೆ.

ಅವಳು ಲೋಟ ತೆಗೆದುಕೊಳ್ಳಲಿಲ್ಲ. "ಕಾಫಿನಾ? ಯಾವಾಗಿಂದ ಹಿಂಗೆ ಮೂರು ಅಂತಿದ್ದಾರೆ?"

"ಆಸ್ಪತ್ರೆಯಿಂದ ಬಂದಾಗಿನಿಂದ. ಯಾಕೆ?"

"ಅಯ್ಯೋ ನಿನ್ನ! ಮೂರು ಅಂದ್ರೆ ಕತ್ತೆ ಕಣೇ!"

ಅಮಾರೊ ಉಗುರಿನಿಂದ ತನ್ನ ಹೆಸರನ್ನು ಕೆರೆದು ಕೆರೆದು ಕಾಗದ ತೂತು ಮಾಡಿದ್ದ. ಆ ತೂತನ್ನು ತೋರಿಸಿದ, ನನ್ನನ್ನು ತೋರಿಸಿದ. "ಮೂರು" ಎಂದ ಮತ್ತೆ, ಈ ಸಲ ಮೆಲ್ಲಗೆ.

ನಾನು ಸಂತೆಯ ನಡುವೆ ನಿಂತು ಅತ್ತೆ. ಯಾರು ಬೇಕಾದರೂ ನೋಡಿಕೊಳ್ಳಲಿ.

ಜೂನ್ 19, ಭಾನುವಾರ

ನಿನ್ನೆ ಊರೆಲ್ಲ ಲಾಟರಿಯಲ್ಲಿ ಮೊಲಕ್ಕೆ ಕಟ್ಟಿತ್ತಂತೆ. ಬಂದದ್ದು ಹಾವು. ಮಾರ್ಲುಸಿ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಸಂಜೆಯೊಳಗೆ ಸರಿಹೋಗುತ್ತಾಳೆ.

ಬರುವ ಶನಿವಾರಕ್ಕೆ ಇನ್ನಷ್ಟು ಪುಸ್ತಕ ಬೇಕು. ಬೆಳಿಗ್ಗೆ ಹೊದಿಕೆಯ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮರದಲ್ಲಿ ಒಮ್ಮೆ ಕೆತ್ತಿ ತೆಗೆದದ್ದು ಮತ್ತೆ ಬರುವುದಿಲ್ಲ. ಅಮಾರೊ ಎದುರಿಗೇ ಕೂತಿದ್ದ. ಅವನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೆತ್ತಿ ತೆಗೆದೆ. ಪುಡಿಯನ್ನು ಅವನೇ ಊದಿದ. ಅಲ್ಲಿ ಬಿದ್ದ ಹಳ್ಳಕ್ಕೆ ಸರಿಯಾಗಿ ಒಂದು ಮರದ ತುಂಡು ಕೂರಿಸಿ, ಅದರಲ್ಲಿ ಒಂದು ಕತ್ತೆ ಕೆತ್ತಿದೆ. ನಾಲ್ಕೂ ಕಾಲು ಊರಿ ನಿಂತಿದೆ, ಎಳೆದರೂ ಬರುವ ಹಾಗಿಲ್ಲ. ಕಿವಿ ಬೇಕೆಂದೇ ಉದ್ದ ಮಾಡಿದ್ದೇನೆ.

ಇದು ಯಾರ ಪದ್ಯ ಎಂದು ಕೇಳಿದವರಿಗೆ ಅದನ್ನು ತೋರಿಸುತ್ತೇನೆ.

ಮೂರು ಗಂಟೆಗೆ ಕಾಫಿ ಕಾಸಿದೆ. ಲೋಟ ಕೈಗೆ ಕೊಡುವಾಗ ನಾನೇ ಮೊದಲು "ಮೂರು" ಎಂದೆ. ಅಮಾರೊ ಒಂದು ಗುಟುಕೂ ಬಿಡದೆ ಕುಡಿದ.